ಎಡಕ್ಕೆ ತಗ್ಗಿದ ಕಲ್ಲು

ಪಟ್ಟಿಯೇ ಸೊಟ್ಟಗಾಗಿರಬಹುದೇ? ಇರಲಾರದು. ನಿನ್ನೆಯಷ್ಟೇ ಇದೇ ಉಕ್ಕಿನ ಪಟ್ಟಿ ಇಟ್ಟು ಹಲಗೆಯ ಅಂಚು ನೋಡಿದ್ದ, ಅಂಚು ಸರಿಯಿತ್ತು. ಹಾಗಾದರೆ ಕಣ್ಣು? ಕನ್ನಡಕ ಒರೆಸಿಕೊಂಡು ಅಣ್ಣ ಮತ್ತೆ ಬಾಗಿ ನೋಡಿದ. ಸಾಣೆಕಲ್ಲಿನ ಮೇಲೆ ಅಡ್ಡಲಾಗಿ ಕೂತ ಪಟ್ಟಿಯ ಕೆಳಗೆ, ಎಡತುದಿಯಲ್ಲಿ, ಕೂದಲೆಳೆಯಷ್ಟು ಬೆಳಕು ನುಸುಳುತ್ತಿತ್ತು. ಬಲತುದಿಯಲ್ಲಿ ಏನೂ ಇರಲಿಲ್ಲ. ಬಲಗಡೆ ಬೆಳಕು ಕಂಡಿದ್ದರೆ ಅದರಲ್ಲಿ ವಿಶೇಷವಿರಲಿಲ್ಲ. ಅವನ ಕೈಭಾರ ಜೀವಮಾನವಿಡೀ ಬಿದ್ದದ್ದು ಬಲಕ್ಕೆ. ಕಲ್ಲು ಸವೆದರೆ ಬಲಕ್ಕೇ ಸವೆಯಬೇಕು. ಎಡಕ್ಕೆ ಹೇಗೆ ತಗ್ಗಿತು? ಮಣಿಕಟ್ಟಿನ ಆಪರೇಷನ್ ಆದ ಮೇಲೆ ತನ್ನ ಕೈಯ ಓಟವೇ ಬದಲಾಯಿತೇ? ಬದಲಾದರೂ, ಇಷ್ಟು ದಿನ ತನಗೇ ಗೊತ್ತಾಗದ ಹಾಗೆ ಬದಲಾಯಿತೇ?

"ಏನ್ ಯಜಮಾನ್ರೇ, ಕಲ್ಲಿನ ಕಿವೀಲಿ ಗುಟ್ಟು ಹೇಳ್ತಾ ಇದ್ದೀರಾ?" ಎಂದ ಹಳೇ ಸಾಮಾನಿನವನು.

ಮುಚ್ಚಿಹೋದ ಕಾರ್ಖಾನೆ, ತೀರಿಹೋದ ಬಡಗಿಗಳ ಮನೆ ಸುತ್ತಿ ಉಳಿ, ಮರ ಹೆರೆಯುವ ತೋಪಡ, ಸಾಣೆಕಲ್ಲುಗಳನ್ನು ಕೊಂಡು ಮಾರುವುದು ಅವನ ಕಸುಬು. ಈ ರಸ್ತೆಗೆ ಬಂದಾಗಲೆಲ್ಲ ಈ ಬಡಗಿ ಅಂಗಡಿಗೆ ನುಗ್ಗಿ, ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತು, ಅಣ್ಣನ ಕಲ್ಲನ್ನು ಕೇಳಿ, ಇಲ್ಲ ಎನ್ನಿಸಿಕೊಂಡು, ಚಹಾ ಕುಡಿದು ಹೋಗುವುದು ಅವನ ರೂಢಿ. ಅಂಗಡಿ ಅಣ್ಣ ತಮ್ಮ ಇಬ್ಬರದು. ರಸ್ತೆಯಲ್ಲಿ ಎಲ್ಲರೂ ಅವರನ್ನು ಕರೆಯುವುದೂ ಹಾಗೆಯೇ, ಅಣ್ಣ, ತಮ್ಮ ಎಂದು. ಇವತ್ತು ಹಳೇ ಸಾಮಾನಿನವನು ಸ್ವಲ್ಪ ಜಾಸ್ತಿ ಕೆಣಕಿದ್ದ. "ನಿಮ್ಮ ಕಲ್ಲೂ ಮುದುಕರ ಕಲ್ಲುಗಳ ಹಾಗೆ ನಡು ಬಗ್ಗಿಸಿ ಕೂತಿರುತ್ತೆ ಬಿಡಿ," ಎಂದಿದ್ದ. ಆ ಮಾತಿಗೇ ಅಣ್ಣ ಪಟ್ಟಿ ತೆಗೆದದ್ದು. ಕಲ್ಲು ಎಷ್ಟು ಸಮ ಇದೆಯೆಂದು ತೋರಿಸಿ ಅವನ ಬಾಯಿ ಮುಚ್ಚಿಸುವುದೆಂದುಕೊಂಡಿದ್ದ.

ಈಗ ಪಟ್ಟಿಯನ್ನು ಮೆಲ್ಲಗೆ ಎತ್ತಿ ಅಂಗಿಯ ತುದಿಗೆ ಒರೆಸಿದ. "ಬೆಳಕು ಸರಿಯಿಲ್ಲ ಇವತ್ತು."

"ಬೆಳಕಿಗೇನಾಗಿದೆ? ಕಿಟಕಿ ತುಂಬ ಬಿಸಿಲಿದೆ."

"ಅದಕ್ಕೇ. ಕಣ್ಣು ಕುಕ್ಕುತ್ತೆ."

"ಕೊಡೋ ಮನಸ್ಸಾದ್ರೆ ಹೇಳಿ. ಈ ಕಲ್ಲಿನ ಗಣಿ ಮುಚ್ಚಿ ಯಾವ ಕಾಲ ಆಯ್ತೋ. ನೀವು ಹೀಗೇ ಕಾಯಿಸ್ತಿದ್ರೆ, ನೀವು ಹೋದ್ಮೇಲೆ ನಿಮ್ಮ ತಮ್ಮನ ಹತ್ರ ಇಸ್ಕೋಬೇಕಾಗುತ್ತೆ."

ಪಕ್ಕದ ಮೇಜಿನಿಂದ ತಮ್ಮ ತಲೆಯೆತ್ತದೆ, "ನಾನೇ ಮೊದ್ಲು ಹೋದ್ರೆ?" ಎಂದ.

"ಆಗ ನಿಮ್ಮ ಅತ್ತಿಗೆ ಹತ್ರ."

"ಅತ್ತಿಗೆ ಕಲ್ಲು ಕೊಡ್ತಾರೆ. ನಿಮ್ಮ ಮೈಮೇಲೆ ಎಲ್ಲಿಗೆ ಬೀಳುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ."

ಹಳೇ ಸಾಮಾನಿನವನು ನಗುತ್ತ ಲೋಟ ಕೆಳಗಿಟ್ಟ. ಹೊರಡುವಾಗ ಬಾಗಿಲಲ್ಲಿ ತಿರುಗಿ, "ಗ್ರಂಥಾಲಯದ ಬಾಗಿಲು ನಿಮಗೇ ಅಂತೆ? ಊರೆಲ್ಲ ಅದೇ ಮಾತು," ಎಂದ. ಅಣ್ಣ ಕಲ್ಲಿನ ಮೇಲೆ ಅದರ ಮರದ ಮುಚ್ಚಳ ಹಾಕಿದ.

ಕಲ್ಲು ಅವರ ಸೋದರಮಾವನದು. ಇಬ್ಬರಿಗೂ ಕೆಲಸ ಕಲಿಸಿದವನು ಅವನು. ಅಂಗೈ ಅಗಲದ, ಗೇಣಿಗಿಂತ ತುಸು ಉದ್ದದ ಕಲ್ಲು. ಒಣಗಿದಾಗ ಬೂದಿ ಬಣ್ಣ, ಒದ್ದೆಯಾದಾಗ ಪಾಚಿಯ ಛಾಯೆ, ಮೂಲೆಯಿಂದ ಮೂಲೆಗೆ ದಾರದಂಥ ಒಂದು ಬಿಳಿ ಗೆರೆ. ಮಾವನಿಗೆ ಅದು ಅವನ ಗುರುವಿನಿಂದ ಬಂದದ್ದು. ಅದಕ್ಕೂ ಹಿಂದೆ ಯಾರದಾಗಿತ್ತೋ ಯಾರಿಗೂ ಗೊತ್ತಿಲ್ಲ. ಆ ಕಲ್ಲು ಉಕ್ಕಿಗೆ ಕೊಡುವುದು ಕನ್ನಡಿಯ ಹೊಳಪಲ್ಲ, ಉಸಿರು ತಾಗಿದ ಗಾಜಿನಂಥ ಒಂದು ಮಂಕು. ಕಾರ್ಖಾನೆಯಲ್ಲಿ ಮಾಡಿದ ಕಲ್ಲಿನ ಮೇಲೆ ಮಸೆದ ಉಳಿ ಮಿರಮಿರ ಮಿಂಚುತ್ತದೆ. ಮೇಜಿನ ಮೇಲಿರುವ ಉಳಿ ಯಾವ ಕಲ್ಲನ್ನು ಕಂಡಿದೆಯೆಂದು ಅಣ್ಣ ಬಾಗಿಲಲ್ಲಿ ನಿಂತೇ ಹೇಳಬಲ್ಲ.

ಮಾವನ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿತ್ತು: ಒಬ್ಬನ ಕಲ್ಲನ್ನು ಇನ್ನೊಬ್ಬ ಮುಟ್ಟಬಾರದು. "ಬೇಕಾದ್ರೆ ನನ್ನ ತಟ್ಟೇಲಿ ಉಣ್ಣು, ನನ್ನ ಕಲ್ಲಿಗೆ ಕೈ ಹಾಕ್ಬೇಡ" ಎನ್ನುತ್ತಿದ್ದ ಮಾವ. ಪ್ರತಿಯೊಬ್ಬನ ಕೈಯೂ ಒಂದು ಕಡೆಗೆ ಭಾರ ಬಿಡುತ್ತದೆ, ಕಲ್ಲು ಆ ಭಾರಕ್ಕೆ ತಕ್ಕ ಹಾಗೆ ಸವೆಯುತ್ತದೆ. ತನ್ನ ಕೈಯ ಸವೆತ ಎಲ್ಲಿದೆಯೆಂದು ಗೊತ್ತಿರುವವನು ಅದನ್ನು ತಪ್ಪಿಸಿ ಮಸೆಯಬಲ್ಲ, ಬೇರೆಯವನ ಸವೆತ ಸೇರಿಕೊಂಡರೆ ಲೆಕ್ಕ ಕೆಡುತ್ತದೆ. ಅಣ್ಣನೂ ಅದೇ ಕಟ್ಟುನಿಟ್ಟನ್ನು ಮುಂದುವರಿಸಿಕೊಂಡು ಬಂದ. ಅವನ ಕಲ್ಲು ಒಂದು ಮರದ ತೊಟ್ಟಿಲಲ್ಲಿ ಕೂತಿರುತ್ತದೆ. ಆ ತೊಟ್ಟಿಲು ಮೇಜಿನಲ್ಲಿ ಕೊರೆದ ಕಚ್ಚಿಗೆ ಸಿಕ್ಕಿಕೊಳ್ಳುವುದು ಒಂದೇ ಬಗೆಯಲ್ಲಿ. ತಿರುಗಿಸಿ ಇಡಲು ಬರುವುದಿಲ್ಲ. ಪಟ್ಟಿಯ ಕೆಳಗೆ ಬೆಳಕು ಕಂಡ ದಿನವೇ ಅವನು ಕಲ್ಲನ್ನು ಹಿತ್ತಿಲಿಗೆ ಒಯ್ದು, ಚಪ್ಪಡಿಯ ಮೇಲೆ ಮರಳು ನೀರು ಹಾಕಿ, ಉಜ್ಜಿ ಸಮ ಮಾಡಿಬಿಡುತ್ತಿದ್ದ.

ಆ ದಿನ ಒಯ್ಯಲಿಲ್ಲ.

ಅಂಗಡಿಯಲ್ಲಿ ಇರುವವರು ಇಬ್ಬರೇ. ತಾನಲ್ಲದಿದ್ದರೆ ತಮ್ಮ. ಆದರೆ ತಮ್ಮ ಬಲಗೈಯವನು. ಈ ವಾಕ್ಯ ಮನಸ್ಸಿನಲ್ಲಿ ಮೂಡಿ ಅಲ್ಲೇ ನಿಂತಿತು. ತಮ್ಮ ಬಲಗೈಯವನು, ಏಕೆಂದರೆ ಅಣ್ಣ ಅವನನ್ನು ಹಾಗೆ ಮಾಡಿದ್ದ.

ತಮ್ಮ ಹುಟ್ಟಾ ಎಡಚ. ಮಾವನ ಅಂಗಡಿಗೆ ಕಲಿಯಲು ಬಂದ ಹೊಸತರಲ್ಲಿ ಅವನ ಮೇಜು ಅಣ್ಣನ ಪಕ್ಕದಲ್ಲಿತ್ತು. ಎಲ್ಲ ಮೇಜುಗಳಲ್ಲೂ ಮರ ಹಿಡಿಯುವ ವೈಸು ಇದ್ದದ್ದು ಎಡತುದಿಯಲ್ಲಿ, ಬಲಗೈಯವರಿಗೆ ಅನುಕೂಲವಾಗುವಂತೆ. ತಮ್ಮ ತೋಪಡ ತಳ್ಳಿದಾಗಲೆಲ್ಲ ಅವನ ಮೊಣಕೈ ಬಂದು ಅಣ್ಣನ ಪಕ್ಕೆಗೆ ಬಡಿಯುತ್ತಿತ್ತು. ಒಂದು ದಿನ ಅಣ್ಣ ಬಟ್ಟೆಯ ಚೂರೊಂದನ್ನು ಅವನ ಎಡಗೈ ಮಣಿಕಟ್ಟಿಗೆ ಕಟ್ಟಿ, ಇನ್ನೊಂದು ತುದಿಯನ್ನು ಅವನ ಸೊಂಟದ ಪಟ್ಟಿಗೆ ಗಂಟು ಹಾಕಿದ. ಹೊಡೆಯಲಿಲ್ಲ, ಬೈಯಲಿಲ್ಲ. "ಬಲಗೈಲಿ ಮಾಡು, ಅಭ್ಯಾಸ ಆಗುತ್ತೆ," ಎಂದ, ಅಷ್ಟೆ. ಅಭ್ಯಾಸವಾಯಿತು. ಬಟ್ಟೆ ಬಿಚ್ಚಿದ ಮೇಲೂ ಎಡಗೈ ಮುಂದೆ ಬರಲಿಲ್ಲ. ತಮ್ಮ ಒಳ್ಳೆಯ ಬಡಗಿಯಾದ. ಅಚ್ಚುಕಟ್ಟಾದ, ಯಾರೂ ತೆಗಳದ, ಯಾರೂ ನಿಂತು ನೋಡದ ಕೆಲಸ ಅವನದು. ಜನ ನಿಂತು ನೋಡುವಂಥ ಕೆಲಸ ಅಣ್ಣನದು.

ಆ ಹೆಸರು ಅಣ್ಣನಿಗೆ ಬಂದದ್ದು ಮಸೆತದಿಂದ. ಬೇರೆ ಅಂಗಡಿಯವರೂ ತಂತಮ್ಮ ಉಳಿಗಳನ್ನು ತಂದು ಅವನ ಮುಂದೆ ಇಡುತ್ತಿದ್ದರು. ಹೋದ ವರ್ಷ ಬಲಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದಂತಾಗಿ, ಮಣಿಕಟ್ಟಿನ ನರ ಒತ್ತಿಕೊಂಡಿದೆಯೆಂದು ಡಾಕ್ಟರು ಅಲ್ಲಿ ಕೊಯ್ದು ಸರಿಮಾಡಿದರು. ಸ್ಪರ್ಶ ಬರುವುದು ನಿಧಾನ, ಬಂದರೂ ಪೂರ್ತಿ ಬರುತ್ತದೆ ಎನ್ನಲಾಗದು ಎಂದರು. ಕೆಲಸಕ್ಕೆ ಮರಳಿದ ಹೊಸತರಲ್ಲಿ ಉಳಿ ಮರವನ್ನು ಕತ್ತರಿಸುತ್ತಿರಲಿಲ್ಲ, ಕಚ್ಚುತ್ತಿತ್ತು. ಅಣ್ಣ ಮಾತಾಡದೆ ಹಾಳಾದ ತುಂಡುಗಳನ್ನು ಒಲೆಯ ಸೌದೆಗೆ ಸೇರಿಸುತ್ತಿದ್ದ. ಆಮೇಲೆ ಒಂದು ಬೆಳಗ್ಗೆ ತೋಪಡ ತಳ್ಳಿದಾಗ ಮರ ಹಳೆಯ ಕಾಲದ ಹಾಗೆ ಉದ್ದನೆಯ ತೆಳು ಸುರುಳಿಯಾಗಿ ಎದ್ದು ಬಂತು. ಅವನು ಆ ಸುರುಳಿಯನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿದ್ದ. ಅದರ ಆಚೆ ಹಿಡಿದ ಬೆರಳು ಕಾಣಿಸುತ್ತಿತ್ತು.

ಅಂದಿನಿಂದ ಬೆಳಗಿನ ಕೆಲಸ ಚೆನ್ನಾಗಿ ಆಗುತ್ತಿತ್ತು. ಮಧ್ಯಾಹ್ನದ ಮೇಲೆ ಮತ್ತೆ ಕೆಡುತ್ತಿತ್ತು. ಅಣ್ಣ ಅದಕ್ಕೂ ಒಂದು ಕಾರಣ ಕಂಡುಕೊಂಡಿದ್ದ: ಕೈ ದಣಿಯುತ್ತದೆ, ಅವಸರದಲ್ಲಿ ಮಸೆದರೆ ಅಷ್ಟೆ, ಸಂಜೆ ನಿಧಾನವಾಗಿ ಮಸೆದಿಟ್ಟರೆ ಸರಿ. ಮೊಂಡು ಉಳಿಯನ್ನು ರಾತ್ರಿಗೆ ಬಿಡಬಾರದೆಂಬುದೂ ಮಾವನ ಪಾಠವೇ. ಅಣ್ಣ ಸಂಜೆ ಮಸೆದು ಇಟ್ಟು ಹೋಗುತ್ತಿದ್ದ. ಬೆಳಗ್ಗೆ ಬೀಗ ತೆಗೆಯುವವನು, ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಇರುವ ತಮ್ಮ.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು: "ಗುರುವಾರ ಗ್ರಂಥಾಲಯದವರು ಬರ್ತಾರಲ್ಲ, ಹೂಂ ಅಂತೀರೋ ಇಲ್ವೋ?"

"ನೋಡೋಣ."

"ಇನ್ನೇನು ನೋಡೋದು? ಕೈ ಸರಿಹೋಯ್ತು ಅಂತ ಆ ಮರದ ಸಿಪ್ಪೆ ತಂದು ನಂಗೆ ತೋರಿಸಿದ್ರಿ. ಮದುವೆಯಾದಾಗ ಉಂಗುರ ತೊಡಿಸುವಾಗಲೂ ನಿಮ್ಮ ಮುಖ ಅಷ್ಟು ಅರಳಿರಲಿಲ್ಲ."

"ತಮ್ಮ ಬೆಳಗ್ಗೆ ಎಷ್ಟು ಹೊತ್ತಿಗೆ ಅಂಗಡಿ ತೆಗೀತಾನೆ?"

"ನನ್ನ ಕೇಳ್ತೀರಾ? ಅವನ ಜೊತೆ ಇಡೀ ದಿನ ಕೂತಿರೋರು ನೀವು. ಹಾಲು ತರೋಕೆ ನಾನು ಹೋಗೋ ಹೊತ್ತಿಗೆ ಬಾಗಿಲು ತೆಗೆದಿರುತ್ತೆ. ಒಳಗಡೆ ಸರಸರ ಅಂತ ಏನೋ ಉಜ್ಜೋ ಸದ್ದು. ಯಾಕೆ, ಏನಾಯ್ತು?"

"ಏನಿಲ್ಲ."

"ಅಣ್ಣ ತಮ್ಮ ಇಬ್ಬರನ್ನೂ ತಿರುವಿ ಹಾಕಿದ್ರೂ ನಾಕು ಮಾತು ಉದುರಲ್ಲ," ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಅಣ್ಣ ಕೈ ಒಣಗುವವರೆಗೂ ಅಲ್ಲೇ ಕೂತಿದ್ದ.

ಮರುದಿನ ಸಂಜೆ ಅವನು ಎಂದಿನಂತೆ ಉಳಿಗಳನ್ನು ಮಸೆದ. ತಮ್ಮ ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದಾಗ ಪ್ರತಿ ಉಳಿಯ ಓರೆ ಮುಖದ ಮೇಲೂ, ಅಲಗಿಗೆ ತಾಗಿದ ಹಾಗೆ, ಪೆನ್ಸಿಲಿನಿಂದ ಒಂದು ಸಣ್ಣ ಗೆರೆ ಎಳೆದ. ಎಂದೋ ಒಮ್ಮೆ ಬಳಸುವ ಕಿರಿದಾದ ಉಳಿಯೊಂದು ಡ್ರಾಯರಿನ ಹಿಂದೆ ಇರುತ್ತಿತ್ತು, ಅದಕ್ಕೂ ಎಳೆದ. ಬೆರಳಿನಿಂದ ಒರೆಸಿದರೆ ಆ ಗೆರೆ ಮಸುಕಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೋಗಬೇಕಾದರೆ ಕಲ್ಲು ಬೇಕು.

ಬೆಳಗ್ಗೆ ಬಂದಾಗ ತಮ್ಮ ಕಸ ಗುಡಿಸುತ್ತಿದ್ದ. "ಚಹಾ ಹೇಳಿದ್ದೀನಿ," ಎಂದ. ಅಣ್ಣ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಉಳಿಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಯಾವುದರ ಮೇಲೂ ಗೆರೆ ಇರಲಿಲ್ಲ. ಡ್ರಾಯರಿನ ಹಿಂದಿದ್ದ ಕಿರಿದಾದ ಉಳಿಯ ಮೇಲೂ ಇರಲಿಲ್ಲ. ಎಲ್ಲ ಅಲಗುಗಳ ಮೇಲೂ ಅದೇ ಉಸಿರು ತಾಗಿದಂಥ ಮಂಕು, ಒಂದೇ ಸಮ, ಒಂದೇ ಓರೆ. ಮಸೆಯಲು ತಮ್ಮನಿಗೆ ಈ ಕಲ್ಲೇ ಯಾಕೆ ಬೇಕಾಗಿತ್ತೆಂಬುದೂ ಅವನಿಗೆ ಆಗ ಹೊಳೆಯಿತು. ತಮ್ಮನ ಕಲ್ಲು ಕಾರ್ಖಾನೆಯದು. ಅದರ ಮಿಂಚು ಕಂಡರೆ ಅಣ್ಣನಿಗೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಕಲ್ಲು ಮುಟ್ಟಿದ್ದಕ್ಕೆ ಸಿಟ್ಟು ಬರಬೇಕಿತ್ತು. ಅವನು ಕಾದ, ಬರಲಿಲ್ಲ. ಬಂದದ್ದು ಬೇರೆ, ಅದಕ್ಕೆ ಹೆಸರಿಡಲು ಅವನು ಹೋಗಲಿಲ್ಲ. ಒಂದು ಉಳಿಯನ್ನು ಮುಂಗೈಯ ರೋಮದ ಮೇಲೆ ಆಡಿಸಿದ. ರೋಮ ಸದ್ದಿಲ್ಲದೆ ಉದುರಿತು. ಇದು ಬಲಗೈಯಲ್ಲಿ ತಮ್ಮನಿಗೆ ಯಾವತ್ತೂ ತರಲಾಗದ, ಎಡಗೈಯೇ ತಂದ ಹರಿತ. ನೇರವಾಗಿ ಹೇಳಬೇಕೆಂದರೆ, ತನ್ನ ಕೈ ಚೆನ್ನಾಗಿದ್ದ ಕಾಲದಲ್ಲಿ ತಾನು ತಂದ ಹರಿತಕ್ಕಿಂತ ಇದು ಒಂದು ಗುಲಗಂಜಿಯಷ್ಟು ಮೇಲು.

"ಏನಣ್ಣ, ಕೈ ಬೋಳಿಸ್ಕೋತಾ ಇದ್ದೀಯ?" ಎಂದ ತಮ್ಮ ಗುಡಿಸುತ್ತಲೇ.

"ಚೆನ್ನಾಗಿ ಬಂದಿದೆ."

"ನೀನು ಮಸೆದಿದ್ದು. ಬರದೆ ಏನು?"

ಅಣ್ಣ ಅವನ ಕಡೆ ನೋಡಿದ. ತಮ್ಮ ಪೊರಕೆಯ ಮೇಲೆ ಬಾಗಿದ್ದ. ಬಲಗೈ ಮೇಲೆ, ಎಡಗೈ ಕೆಳಗೆ.

ಮಧ್ಯಾಹ್ನ ತಮ್ಮ ಮರದ ಡಿಪೋಗೆ ಹೋದಾಗ ಅಣ್ಣ ಅಂಗಡಿಯ ಬಾಗಿಲು ಓರೆ ಮಾಡಿಕೊಂಡ. ಒಂದು ಅಗಲ ಉಳಿ ತೆಗೆದು, ಅದರ ಅಲಗನ್ನು ಬೇಕೆಂದೇ ಕಲ್ಲಿಗೆ ನೆಟ್ಟಗೆ ನಿಲ್ಲಿಸಿ ಎಳೆದು ಮೊಂಡು ಮಾಡಿದ. ಆಮೇಲೆ ಕೂತು ಮಸೆಯತೊಡಗಿದ. ಅವಸರವಿರಲಿಲ್ಲ, ದಣಿವಿರಲಿಲ್ಲ, ನೋಡುವವರೂ ಇರಲಿಲ್ಲ. ಓರೆ ಮುಖವನ್ನು ಸಾಕಷ್ಟು ಮಸೆದಾಗ ಅಲಗಿನ ಹಿಂಬದಿಗೆ ಕೂದಲಿಗಿಂತ ಸಣ್ಣ ಉಕ್ಕಿನ ಎಳೆಯೊಂದು ಮಡಚಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಹೆಬ್ಬೆರಳನ್ನು ಹಿಂಬದಿಯಲ್ಲಿ ಅಡ್ಡಲಾಗಿ ಜಾರಿಸಿದರೆ ತಡೆಯುತ್ತದೆ. ಆ ತಡೆ ಅಲಗಿನ ಉದ್ದಕ್ಕೂ ಸಿಕ್ಕಿದರೆ ಮಾತ್ರ ಮಸೆತ ಮುಗಿದಂತೆ. ಎಲ್ಲಿ ಸಿಗುವುದಿಲ್ಲವೋ ಅಲ್ಲಿ ಉಳಿ ಇನ್ನೂ ಮೊಂಡು. ಅಣ್ಣ ಹೆಬ್ಬೆರಳನ್ನು ಜಾರಿಸಿದ. ಏನೂ ತಡೆಯಲಿಲ್ಲ. ಮತ್ತೆ ಮಸೆದು ಮತ್ತೆ ಜಾರಿಸಿದ. ಬೆರಳಿಗೆ ಕೈಗವಸು ತೊಡಿಸಿದಂತಿತ್ತು. ಎಡಗೈ ಹೆಬ್ಬೆರಳಿನಿಂದ ನೋಡಿದ. ಅದಕ್ಕೆ ಆ ವಿದ್ಯೆ ಗೊತ್ತಿರಲಿಲ್ಲ, ಎಲ್ಲವೂ ಒರಟು ಎಂದಿತು. ಆಗಿರಬಹುದೆಂದುಕೊಂಡು ಮೃದು ಮರದ ತುಂಡೊಂದರ ಕೊಯ್ದ ತುದಿಗೆ ಉಳಿ ಇಟ್ಟು ಒತ್ತಿದ. ಮರ ಪುಡಿಪುಡಿಯಾಗಿ ಉದುರಿತು.

ಹಾಗಾದರೆ ಇಷ್ಟು ತಿಂಗಳೂ ಹೀಗೆಯೇ ಇತ್ತು. ಅವನು ಆ ತುಂಡನ್ನು ಸೌದೆಗೆ ಹಾಕಿದ.

ಗ್ರಂಥಾಲಯದ ಓದುಮನೆಯ ಜೋಡಿ ಬಾಗಿಲು ಬಹಳ ಹಳೆಯದು. ಕೆಳಗಿನ ಅಡ್ಡಪಟ್ಟಿಗಳು ಕೊಳೆತಿದ್ದವು. ಅವುಗಳ ಉದ್ದಕ್ಕೂ ಎಲೆಬಳ್ಳಿಯ ಕೆತ್ತನೆ. ಹೊಸ ಪಟ್ಟಿಯ ಮೇಲೆ ಅದೇ ಬಳ್ಳಿ ಬರಬೇಕು, ಯಂತ್ರ ಮುಟ್ಟಬಾರದು, ಹಳೆಯ ಉಳಿಯ ಗುರುತಿಗೂ ಹೊಸ ಉಳಿಯ ಗುರುತಿಗೂ ವ್ಯತ್ಯಾಸ ಕಾಣಬಾರದು ಎಂಬುದು ಅವರ ಷರತ್ತು. ಬಾಗಿಲನ್ನು ಕಳಚಿ ಅಂಗಡಿಗೇ ತಂದುಕೊಡುತ್ತಾರೆ. ಇಂಥ ಕೆಲಸ ಅಣ್ಣನ ಪಾಲಿಗೆ ಇದುವರೆಗೆ ಬಂದಿರಲಿಲ್ಲ, ಈ ವಯಸ್ಸಿನಲ್ಲಿ ಮತ್ತೆ ಬರುವುದೂ ಇಲ್ಲ. ಆದರೆ ಕೆತ್ತನೆಗೆ ಬೆಳಗಿನ ಹರಿತ ಮಧ್ಯಾಹ್ನದವರೆಗೆ ಬಾಳುವುದಿಲ್ಲ. ಒಂದು ಎಲೆ ಮುಗಿಯುವಷ್ಟರಲ್ಲಿ ಮತ್ತೆ ಮಸೆಯಬೇಕು. ಹೂಂ ಎಂದರೆ ತಮ್ಮ ಅದಕ್ಕೂ ಒಂದು ದಾರಿ ಹುಡುಕುತ್ತಾನೆ ಎಂಬುದು ಅಣ್ಣನಿಗೆ ಗೊತ್ತಿತ್ತು. ಊಟದ ಹೊತ್ತಿನಲ್ಲಿ, ಚಹಾದ ಹೊತ್ತಿನಲ್ಲಿ, ಅಣ್ಣ ಹಿತ್ತಿಲಿಗೆ ಹೋದ ಹೊತ್ತಿನಲ್ಲಿ ಕದ್ದು ಮಸೆಯುತ್ತಾನೆ. ಬಾಗಿಲು ಮುಗಿಯುತ್ತದೆ. ಜನ ನಿಂತು ನೋಡಿ ಅಣ್ಣನ ಕೆಲಸ ಎನ್ನುತ್ತಾರೆ. ಅದು ಅಸಾಧ್ಯವೇನಲ್ಲ ಎಂಬುದೇ ಗುರುವಾರದವರೆಗಿನ ಎರಡು ದಿನ ಅವನನ್ನು ಕೂತಲ್ಲಿ ಕೂರಗೊಡಲಿಲ್ಲ.

ಗುರುವಾರ ಗ್ರಂಥಪಾಲಕಿ ಬಂದರು. ಬಳ್ಳಿಯ ಒಂದು ಹಳೆಯ ತುಂಡನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಗಟ್ಟಿ ದನಿಯ, ನೇರ ಮಾತಿನ ಹೆಂಗಸು. ಮರದ ಪುಡಿ ಕೊಡವಿ ಸ್ಟೂಲಿನ ಮೇಲೆ ಕೂತು, "ಹೇಳಿ, ಏನು ನಿರ್ಧಾರ ಮಾಡಿದ್ರಿ?" ಎಂದರು.

"ಮಾಡ್ತೀವಿ. ಕೆತ್ತನೆ ಇವನು ಮಾಡ್ತಾನೆ," ಎಂದ ಅಣ್ಣ, ತಮ್ಮನ ಕಡೆ ಗಲ್ಲ ತಿರುಗಿಸಿ. "ಅಳತೆ, ಜೋಡಣೆ ನಾನು ನೋಡ್ಕೋತೀನಿ."

ತಮ್ಮನ ಗರಗಸ ಅರ್ಧಕ್ಕೆ ನಿಂತಿತು.

"ನಿಮ್ಮ ಕೈಯಲ್ಲೇ ಆಗ್ಬೇಕು ಅಂತ ನಮ್ಮ ಕಮಿಟಿಯವರು ಅಂದ್ಕೊಂಡಿದ್ದಾರೆ."

"ಅಷ್ಟು ಹೊತ್ತು ಬಗ್ಗಿ ಕೆತ್ತೋಕೆ ನನ್ನ ಸೊಂಟ ಒಪ್ಪಲ್ಲ."

"ಅಣ್ಣ, ನಿನ್ನ ಸೊಂಟಕ್ಕೆ ಏನಾಗಿದೆ?" ಎಂದ ತಮ್ಮ.

"ನಿಂಗೇನು ಗೊತ್ತು? ನನ್ನ ಸೊಂಟ ನಿನ್ನ ಹತ್ರ ಬಂದು ಹೇಳ್ಕೊಳ್ಳುತ್ತಾ?"

ಗ್ರಂಥಪಾಲಕಿ ಇಬ್ಬರನ್ನೂ ನೋಡಿದರು. "ನೋಡಿ, ನಾನು ಯಾರ ಕೆಲಸಾನೂ ಹಗುರ ಮಾಡ್ತಿಲ್ಲ. ಆದ್ರೆ ಇವರ ಕೆತ್ತನೆ ನಾವು ನೋಡಿಲ್ಲ. ಒಂದು ಎಲೆ ಕೆತ್ತಿ ತೋರಿಸ್ಲಿ. ನಾನು ಕಾಯ್ತೀನಿ."

ತಮ್ಮ ಒಂದು ತುಂಡು ಮರವನ್ನು ವೈಸಿಗೆ ಬಿಗಿದು, ಹಳೆಯ ಬಳ್ಳಿಯನ್ನು ಪಕ್ಕದಲ್ಲಿಟ್ಟು, ಬಲಗೈಯಲ್ಲಿ ಉಳಿ ಹಿಡಿದ. ಆಕೆ ಸ್ಟೂಲನ್ನು ಹತ್ತಿರ ಎಳೆದುಕೊಂಡರು. ಉಳಿ ಮರಕ್ಕೆ ಇಳಿಯಿತು. ತಪ್ಪೇನೂ ಆಗುತ್ತಿರಲಿಲ್ಲ. ಎಲೆಯ ನಡುಗೆರೆ ಬಂತು, ಅಂಚು ಬಂತು. ಪುಸ್ತಕ ನೋಡಿ ಬರೆದ ಅಕ್ಷರದ ಹಾಗೆ ಎಲ್ಲವೂ ಸರಿಯಿತ್ತು. ಅವರ ಮುಖದ ಮೇಲೆ ಮರ್ಯಾದೆಯ ನಗೆಯೊಂದು ಮೂಡುತ್ತಿರುವುದು ಅಣ್ಣನಿಗೆ ಕಂಡಿತು. ಇನ್ನು ಸ್ವಲ್ಪ ಹೊತ್ತಿಗೆ ಅವರು ಎದ್ದು ನಿಂತು, ತಿಳಿಸುತ್ತೇವೆ ಎನ್ನುತ್ತಾರೆ.

"ಬನ್ನಿ, ಎದುರಿಗೆ ಚಹಾ ಕುಡಿದು ಬರೋಣ," ಎಂದ ಅಣ್ಣ. "ಯಾರಾದ್ರೂ ನೋಡ್ತಾ ಕೂತ್ರೆ ಇವನ ಕೈ ಓಡಲ್ಲ. ಚಿಕ್ಕಂದಿನಿಂದ ಹಾಗೇ." ತಮ್ಮನಿಗೆ, "ಆ ತುಂಡು ಬಿಡು. ಬೇರೆ ತುಂಡು ತಗೊಂಡು ಹೊಸದಾಗಿ ಮಾಡು. ನನ್ನ ಉಳಿ ತಗೋ, ಮೊಂಡಾದ್ರೆ ಅಲ್ಲೇ ಕಲ್ಲಿದೆ," ಎಂದ.

ತಮ್ಮ ಕತ್ತೆತ್ತಿದ. "ಯಾವ ಕಲ್ಲು?"

"ಇರೋದು ಯಾವುದು? ಅದೇ, ಮಾವನದು."

ಅಣ್ಣ ಆಗಲೇ ಮೆಟ್ಟಿಲಿಳಿದಿದ್ದ.

ಎದುರಿನ ಚಹಾದಂಗಡಿಯಲ್ಲಿ ರಸ್ತೆಯ ಕಡೆಗೊಂದು ಮೇಜಿತ್ತು. ಅಣ್ಣ ತನ್ನ ಅಂಗಡಿಗೆ ಬೆನ್ನು ಹಾಕಿ ಕೂತ. ಗ್ರಂಥಪಾಲಕಿಗೆ ಉಳಿದದ್ದು ಎದುರಿನ ಕುರ್ಚಿ. ಅವರು ಗ್ರಂಥಾಲಯದ ಸೋರುವ ಮಾಡಿನ ವಿಷಯ ಹೇಳಿದರು. ಪುಸ್ತಕದ ನಡುವೆ ಮೀನಿನ ಮುಳ್ಳನ್ನು ಗುರುತಿಗೆ ಇಟ್ಟು ಹೋದ ಓದುಗನೊಬ್ಬನ ವಿಷಯ ಹೇಳಿದರು. ಅಣ್ಣ ತಲೆಯಾಡಿಸುತ್ತಿದ್ದ. ರಸ್ತೆಯ ಆಚೆಯಿಂದ ಉಳಿಗೆ ಬಡಿಯುವ ಕೊಡತಿಯ ಸದ್ದು ಬರುತ್ತಿತ್ತು. ಮೊದಮೊದಲು ತಡೆದು ತಡೆದು, ಆಮೇಲೆ ಒಂದೇ ಸಮ. ನಡುವೆ ಸದ್ದು ನಿಂತು ಕಲ್ಲಿನ ಸರಸರ ಕೇಳಿತು. ಮತ್ತೆ ಕೊಡತಿ.

ಮಾತಿನ ಮಧ್ಯೆ ಅವರು ಕತ್ತು ಸ್ವಲ್ಪ ವಾರೆ ಮಾಡಿ ಅಣ್ಣನ ಭುಜದಾಚೆ ನೋಡಿದರು. "ನಿಮ್ಮ ತಮ್ಮ ಎಡಗೈಯವರಾ? ಆಗ ಬಲಗೈಲಿ ಮಾಡ್ತಿದ್ರಲ್ಲ?"

ಅಣ್ಣ ಲೋಟವನ್ನು ಮೇಜಿನ ಮೇಲೆ ಅರ್ಧ ಸುತ್ತು ತಿರುಗಿಸಿದ. ಈ ಪ್ರಶ್ನೆಗೆ ಅವನು ಹಿಂದೆಯೂ ಉತ್ತರ ಕೊಟ್ಟದ್ದುಂಟು. ಇಲ್ಲ, ಈಗ ಸರಿಹೋಗಿದೆ ಎನ್ನುತ್ತಿದ್ದ.

"ಹೌದು," ಎಂದ. "ಹುಟ್ಟಿದಾಗಿಂದ."

ಅವರು ತಿರುಗಿ ಬಂದಾಗ ತಮ್ಮ ಉಳಿಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದ. ಎಡಗೈ ಜೇಬಿನಲ್ಲಿತ್ತು. ಗ್ರಂಥಪಾಲಕಿ ಹೊಸ ಎಲೆಯನ್ನು ಕಿಟಕಿಗೆ ಒಯ್ದು, ಹಳೆಯದರ ಪಕ್ಕದಲ್ಲಿ ಹಿಡಿದು, ಬೆರಳಾಡಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಎಲೆ ಮರದ ಮೇಲೆ ಕೂತಿರಲಿಲ್ಲ, ಮರದಿಂದ ಎದ್ದು ಬಾಗಿತ್ತು. ಉಳಿಯ ಗುರುತುಗಳು ಎಲ್ಲೂ ಹಿಂಜರಿಯದೆ ನಡುಗೆರೆಯಿಂದ ಅಂಚಿಗೆ ಹರಿದಿದ್ದವು.

"ಸೋಮವಾರ ಬಾಗಿಲು ಕಳಿಸ್ತೀನಿ," ಎಂದರು. ತಮ್ಮನ ಕಡೆ ತಿರುಗಿ, "ನಿಮ್ಮ ಹೆಸರೇ ಬರ್ಕೋತೀನಿ," ಎಂದರು.

ತಮ್ಮ ಅಣ್ಣನ ಮುಖ ನೋಡಿದ. ಅಣ್ಣ, ಗ್ರಂಥಪಾಲಕಿ ತಂದಿದ್ದ ಬಟ್ಟೆಯನ್ನು ಮಡಚುತ್ತಿದ್ದ.

ಭಾನುವಾರ ಅಂಗಡಿಗೆ ರಜೆ. ಅಣ್ಣ ಸ್ಪ್ಯಾನರ್ ಹಿಡಿದು ಬಂದು, ಮೇಲಿನ ಕೋಣೆಯಿಂದ ತಮ್ಮನನ್ನು ಕೂಗಿ ಕರೆದ. ತಮ್ಮ ಇಳಿದು ಬಂದಾಗ ಅವನ ಮೇಜಿನ ವೈಸಿನ ಬೋಲ್ಟುಗಳು ಅರ್ಧ ಸಡಿಲಾಗಿದ್ದವು.

"ಏನು ಮಾಡ್ತಿದ್ದೀಯ?"

"ವೈಸು ಈ ತುದಿಯಿಂದ ಆ ತುದಿಗೆ ಹಾಕೋಣ. ಬಾಗಿಲಿನ ಪಟ್ಟಿ ಉದ್ದ ಇದೆ. ಇಲ್ಲಿ ಗೋಡೆ ಅಡ್ಡ ಬರುತ್ತೆ."

"ಗೋಡೆ ಎಷ್ಟೋ ದೂರ ಇದೆ."

"ಬೆಳಕೂ ಆ ತುದೀಲೇ ಚೆನ್ನಾಗಿದೆ."

"ಬೆಳಕು ಮೊದ್ಲಿಂದ್ಲೂ ಅಲ್ಲೇ ಇತ್ತಲ್ಲ."

"ಮಾತು ಸಾಕು. ಭಾರ ಇದೆ, ಹಿಡ್ಕೋ."

ಬಲತುದಿಗೆ ವೈಸು ಕೂತರೆ ಬಲಗೈಯವನು ಆ ಮೇಜಿನಲ್ಲಿ ತೋಪಡ ಹೊಡೆಯಲು ಒದ್ದಾಡಬೇಕು. ಅದು ಇಬ್ಬರಿಗೂ ಗೊತ್ತಿತ್ತು. ತಮ್ಮ ಬಗ್ಗಿ, ವೈಸಿನ ಕೆಳಗೆ ಎರಡೂ ಕೈ ಕೊಟ್ಟ. ಹೊಸ ತೂತು ಕೊರೆದು, ಬೋಲ್ಟು ಬಿಗಿದು, ಹಳೆಯ ತೂತುಗಳಿಗೆ ಮರದ ಬಿರಡೆ ಹೊಡೆದು ಸಮ ಮಾಡುವಷ್ಟರಲ್ಲಿ ಮಧ್ಯಾಹ್ನವಾಯಿತು. ಊಟಕ್ಕೆ ಕರೆಯಲು ಬಂದ ಅತ್ತಿಗೆ ಬಾಗಿಲಲ್ಲೇ ನಿಂತು, "ರಜೆ ದಿನಾನೂ ನಿಮಗೆ ಮನೆ ಅಂತ ಒಂದು ಇದೆ ಅನ್ನೋದು ನೆನಪಿಲ್ವಾ? ಏನದು, ತಿರುಗಾಮುರುಗಾ ಮಾಡಿದ್ದೀರಿ?" ಎಂದಳು.

"ಬೆಳಕಿಗೆ, ಅತ್ತಿಗೆ," ಎಂದ ತಮ್ಮ.

ಬಾಗಿಲಿನ ಕೆಲಸ ಆ ವರ್ಷ ಪೂರ್ತಿ ಹಿಡಿಯಿತು. ಅಣ್ಣ ಹಳೆಯ ಪಟ್ಟಿ ಅಳೆದ, ಮರ ಆರಿಸಿದ, ಜೋಡಣೆಯ ಗುರುತು ಹಾಕಿದ. ಉಳಿದ ಹೊತ್ತು ತನ್ನ ಮೇಜಿನಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ, ತಮ್ಮನಿಗೆ ಬೆನ್ನು ಹಾಕಿ ಕೂತಿರುತ್ತಿದ್ದ. ಕಲ್ಲು ಇಬ್ಬರ ಮೇಜಿನ ನಡುವಿನ ಹಲಗೆಗೆ ಬಂತು. ಅದು ಎಡಕ್ಕೆ ಇನ್ನಷ್ಟು ತಗ್ಗಿತು; ಅಣ್ಣ ಪಟ್ಟಿ ಇಟ್ಟು ನೋಡಲೂ ಇಲ್ಲ, ಹಿತ್ತಿಲಿಗೆ ಒಯ್ಯಲೂ ಇಲ್ಲ. ಸಂಜೆ ಎಂದಿನಂತೆ ತನ್ನ ಉಳಿಗಳನ್ನು ಮಸೆದು ಇಟ್ಟು ಹೋಗುತ್ತಿದ್ದ. ಬೆಳಗ್ಗೆ ಬಂದಾಗ ಅವು ಹರಿತವಾಗಿರುತ್ತಿದ್ದವು. ಹಳೇ ಸಾಮಾನಿನವನು ಮತ್ತೆ ಬಂದು, ಕಲ್ಲಿನ ಮೇಲೆ ಕಣ್ಣಾಡಿಸಿ, "ಇದು ಸೊಟ್ಟ ಆಗಿದೆಯಲ್ಲ ಯಜಮಾನ್ರೇ, ಸಮ ಮಾಡಲ್ವಾ?" ಎಂದಾಗ, "ಇರಲಿ," ಎಂದ.

ಎಡಗೈಯಲ್ಲೇ ಮಾಡು ಎಂದು ಮಾತ್ರ ಅಣ್ಣ ತಮ್ಮನಿಗೆ ಎಂದೂ ಹೇಳಲಿಲ್ಲ.